ಪೆರ್ದೊರೆ: ಶಾಸನಗಳಲ್ಲಿ ಬರುವ ಕೃಷ್ಣಾನದಿಯ ಹಳೆಯ ಹೆಸರು

ಪೆರ್ದೊರೆ ಎಂಬುದು ಕೃಷ್ಣಾನದಿಗೆ ಹಳಗನ್ನಡದಲ್ಲಿ ಇದ್ದ ಹೆಸರು. ಪೆದ್ದೊರೆ, ಹೆದ್ದೊರೆ ಎಂದೂ ಬರೆಯುತ್ತಿದ್ದರು. ಈಗ ಮಾತಿನಲ್ಲಿ ಬಳಕೆ ತಪ್ಪಿದೆ. ಆದರೆ ಬಸದಿಗಳ ಇತಿಹಾಸ ಬರೆಯಲು ಶಾಸನ ಸಂಪುಟಗಳನ್ನು ಬಿಡಿಸುವ ನಮ್ಮ ಶ್ರಾವಕ ಬಂಧುಗಳಿಗೆ ಈ ಪದ ಎದುರಾಗುತ್ತದೆ, ಅಲ್ಲೇ ತೊಡಕೂ ಆಗುತ್ತದೆ. ಒಂದು ಬಸದಿಯ ಪರಿಚಯ ಪುಸ್ತಿಕೆಯ ಕರಡಿನಲ್ಲಿ ಇದನ್ನು "ದೊಡ್ಡ ರಾಜ" ಎಂದು ಅರ್ಥಮಾಡಿ ಬರೆದದ್ದನ್ನು ನೋಡಿದ್ದೇನೆ. ಹಾಗೆ ಅಚ್ಚಾದರೆ ರಾಜ್ಯದ ಎಲ್ಲೆಯೇ ಒಬ್ಬ ಅರಸನಾಗಿಬಿಡುತ್ತದೆ! ಮುಂದೆ ಬರೆಯುವವರು ಅದನ್ನೇ ನಂಬಿ ನಕಲು ಮಾಡುತ್ತಾರೆ.

ಇಲ್ಲಿರುವ "ದೊರೆ" ಅರಸನಲ್ಲ, ತೊರೆ, ಅಂದರೆ ನದಿ. ಪೆರ್ ಎಂದರೆ ಹಿರಿದು. ಎರಡೂ ಸೇರುವಾಗ ತಕಾರ ಹೋಗಿ ದಕಾರ ಬರುತ್ತದೆ. ಶಾಲೆಯಲ್ಲಿ ಆದೇಶ ಸಂಧಿಗೆ ಬೆಟ್ಟದಾವರೆ ಎಂಬ ಉದಾಹರಣೆ ಕಲಿತವರಿಗೆ ಇದು ಹೊಸದಲ್ಲ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಮುಂದೆ ಪೆದ್ದೊರೆ ಹೆದ್ದೊರೆಯಾಯಿತು. ಹೆಮ್ಮರ, ಹೆಬ್ಬಾಗಿಲು, ಹೆದ್ದಾರಿ ಎನ್ನುವಾಗ ಮೊದಲಲ್ಲಿ ಬರುವ "ಹೆ" ಇದೇ. ಒಟ್ಟಿನಲ್ಲಿ ದೊಡ್ಡ ಹೊಳೆ ಎಂದು ಅರ್ಥ.

ಶಿಕಾರಿಪುರ, ಸೊರಬದ ಕಡೆಯವರಿಗೆ ಇನ್ನೊಂದು ಅನುಮಾನ ಬರುವುದು ಸಹಜ. ನಮಗೆ ಹತ್ತಿರದ ದೊಡ್ಡ ನದಿ ತುಂಗಭದ್ರೆ, ಹಾಗಾದರೆ ಪೆರ್ದೊರೆ ಅದೇ ಇರಬಹುದೇ? ಅಲ್ಲ. ಚಾಲುಕ್ಯ ಒಂದನೇ ಸೋಮೇಶ್ವರನು 1068ರಲ್ಲಿ ಕುರುವತ್ತಿಯಲ್ಲಿ ಪ್ರಾಣ ಬಿಟ್ಟ ವಿಷಯವನ್ನು ಹೇಳುವುದು ಶಿಕಾರಿಪುರ ತಾಲ್ಲೂಕಿನ ಶಾಸನವೇ. ಅದರಲ್ಲಿ ನದಿಯ ಹೆಸರು ತುಂಗಭದ್ರೆ ಎಂದೇ ಇದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ "ಎಡೆದೊರೆ ಎರಡು ಸಾವಿರ" ಎಂಬ ನಾಡಿನ ಹೆಸರು. ಎಡೆ ಎಂದರೆ ನಡುವೆ, ಎಡೆದೊರೆ ಎಂದರೆ ಎರಡು ತೊರೆಗಳ ನಡುವಿನ ಸೀಮೆ. ಅದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಇಂದಿನ ರಾಯಚೂರಿನ ಭಾಗ.

ಈ ಎಡೆದೊರೆಯ ಹೆಸರು ತಮಿಳು ದೇಶಕ್ಕೂ ಹೋಗಿತ್ತು. 11ನೇ ಶತಮಾನದ ಚೋಳ ರಾಜೇಂದ್ರನ ತಮಿಳು ಶಾಸನಗಳು ಅವನು ಗೆದ್ದ ನಾಡುಗಳ ಪಟ್ಟಿ ಕೊಡುತ್ತವೆ. ಅದರಲ್ಲಿ ಇಡೈತುರೈನಾಡು, ವನವಾಸಿ, ಕೊಳ್ಳಿಪ್ಪಾಕ್ಕೈ, ಮಣ್ಣೈಕ್ಕಡಕ್ಕಂ ಎಂದು ಬರುತ್ತದೆ. ಮೊದಲನೆಯದು ಎಡೆದೊರೆ. ವನವಾಸಿ ನಮ್ಮ ಬನವಾಸಿ. ಮೂರನೆಯದು ಇಂದಿನ ತೆಲಂಗಾಣದ ಕೊಲನುಪಾಕ, ಕುಲ್ಪಾಕ್ ತೀರ್ಥವೆಂದು ಜೈನರೆಲ್ಲ ಬಲ್ಲ ಕ್ಷೇತ್ರ. ಕೊನೆಯದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಅದೂ ನಮ್ಮವರ ದೊಡ್ಡ ನೆಲೆ. ಯುದ್ಧದ ಪಟ್ಟಿಯಾದರೂ ಓದುತ್ತಾ ಹೋದರೆ ತೀರ್ಥಯಾತ್ರೆಯ ದಾರಿಯಂತೆ ಕಾಣುತ್ತದೆ.

ಪೆರ್ದೊರೆ ಹೆಚ್ಚಾಗಿ ಬರುವುದು ಗಡಿ ಹೇಳುವ ಜಾಗದಲ್ಲಿ. ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಉತ್ತರದ ಎಲ್ಲೆಯಾಗಿ ಇದನ್ನು ಹೇಳುವುದುಂಟು. ಇಮ್ಮಡಿ ವೀರಬಲ್ಲಾಳನು 1190ರ ಸುಮಾರಿಗೆ ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿದ ಮೇಲೆ ಆ ಮಾತಿಗೆ ಬಲ ಬಂತು. ಬನವಾಸಿ ಹನ್ನೆರಡು ಸಾವಿರದಿಂದ ಆ ನದಿಗೆ ದಾರಿ ದೂರ. ನಡುವೆ ಪಾನುಂಗಲ್ಲು, ಪುಲಿಗೆರೆ, ಬೆಳ್ವೊಲ ನಾಡುಗಳು ಸಿಗುತ್ತವೆ. ಪುಲಿಗೆರೆ ಎಂದರೆ ಶಂಖಬಸದಿಯ ಲಕ್ಷ್ಮೇಶ್ವರ.

ದೂರವಾದರೂ ನೀರಿನ ನಂಟು ಇದೆ. ಹೊಂಬುಜದ ಹತ್ತಿರದ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿ ಶಿಕಾರಿಪುರದ ಅಂಜನಾಪುರ ಜಲಾಶಯವನ್ನು ತುಂಬಿ ತುಂಗಭದ್ರೆಗೆ ಸೇರುತ್ತದೆ. ಸೊರಬದ ದಂಡಾವತಿ ವರದೆಗೆ, ವರದೆ ಗಳಗನಾಥದ ಬಳಿ ತುಂಗಭದ್ರೆಗೆ. ತುಂಗಭದ್ರೆ ಕೊನೆಗೆ ಕೃಷ್ಣೆಗೆ. ಬಂದಳಿಕೆ, ಉದ್ರಿ, ಕುಪ್ಪಟೂರಿನ ಬಸದಿಗಳ ಮಾಡಿನಿಂದ ಇಳಿದ ಮಳೆನೀರು ಕಡೆಗೆ ಹೋಗುವುದು ಪೆರ್ದೊರೆಗೇ.

ಸಂಸ್ಕೃತದಲ್ಲಿ ಈ ನದಿಗೆ ಕೃಷ್ಣವೇಣಿ, ಕೃಷ್ಣವೇಣಾ ಎಂಬ ಹೆಸರುಗಳಿವೆ. ಮಹಾಬಲೇಶ್ವರದ ಕಡೆಯಿಂದ ಬರುವ ವೆಣ್ಣಾ ನದಿ ಸಾತಾರಾ ಹತ್ತಿರದ ಮಾಹುಲಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಕಳಿಂಗದ ಜೈನ ಅರಸ ಖಾರವೇಲನ ಹಾಥಿಗುಂಫಾ ಶಾಸನದ ಪ್ರಾಕೃತದಲ್ಲಿ ಬರುವ ಕಣ್ಹಬೆಂಣಾ ಕೂಡ ಕೃಷ್ಣೆಯೇ ಎಂದು ಹಲವು ವಿದ್ವಾಂಸರ ಮತ. ಕೆಲವರು ಅದನ್ನು ವಿದರ್ಭದ ನದಿ ಎನ್ನುತ್ತಾರೆ. ಪೆರ್ದೊರೆ ವಿಷಯದಲ್ಲಿ ಅಂಥ ಜಗಳವಿಲ್ಲ.

ಶಾಸನ ನೋಡಬಯಸುವವರಿಗೆ ಒಂದು ಮಾತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಿಕಾರಿಪುರ ತಾಲ್ಲೂಕು 7ನೇ ಸಂಪುಟದಲ್ಲಿ, ಸೊರಬ 8ನೇ ಸಂಪುಟದಲ್ಲಿದೆ. ಫಲಕ ಬರೆಸುವಾಗ ಕಲ್ಲಿನ ಮೇಲಿರುವ ಪದವನ್ನು ಹಾಗೆಯೇ ಇಟ್ಟು ಪಕ್ಕದಲ್ಲಿ "ಕೃಷ್ಣಾನದಿ" ಎಂದು ಸೇರಿಸಿದರೆ ಸಾಕು. ಎಡೆದೊರೆ ಬಂದಾಗ ಮಾತ್ರ ಇನ್ನೂ ಸ್ವಲ್ಪ ಎಚ್ಚರ ಬೇಕು. ಮೈಸೂರು ಜಿಲ್ಲೆಯ ಕೃಷ್ಣರಾಜನಗರಕ್ಕೆ ಮೊದಲು ಎಡತೊರೆ ಎಂದೇ ಹೆಸರಿತ್ತು. ಅದು ಕಾವೇರಿ ದಂಡೆಯ ಊರು, ರಾಯಚೂರಿನ ನಾಡಿಗೂ ಅದಕ್ಕೂ ಸಂಬಂಧವಿಲ್ಲ.