ಹೂವಿಲ್ಲದ ಮರದ ಹಳೇ ದಾಖಲೆ

ನಮ್ಮ ಹಾಲಾಡಿಯ ಮೂಡಲಿಗೆ ಕಾಣುವ ಪಶ್ಚಿಮ ಘಟ್ಟದ ಸಾಲಿನಲ್ಲಿ ಸೈಕಸ್ ಎಂಬ ಮರ ಬೆಳೆಯುತ್ತದೆ. ಗರಿ ನೋಡಿ ನಾವು ಈಚಲೋ ತಾಳೆಯೋ ಅಂದುಕೊಳ್ಳುತ್ತೇವೆ. ಎರಡೂ ಅಲ್ಲ. ಇದಕ್ಕೆ ಹೂವಿಲ್ಲ, ಹಣ್ಣಿಲ್ಲ, ಬರೀ ಬೀಜ. 1753ರಲ್ಲಿ ಇದಕ್ಕೆ ಸೈಕಸ್ ಸರ್ಸಿನಾಲಿಸ್ ಎಂದು ಹೆಸರಿಟ್ಟ ಲಿನೇಯಸ್ ಕೂಡ ತಾಳೆಯ ಗುಂಪಿಗೇ ಸೇರಿಸಿದ್ದ!

1896ರಲ್ಲಿ ಜಪಾನಿನ ಇಕೆನೊ ಸೈಕಸ್‌ನ ಗಂಡು ಕಣ ಈಜುವುದನ್ನು ಕಂಡರು. ಜರಿಗಿಡಗಳಲ್ಲಿ ಉಳಿದಿರುವ ಹಳೇ ಚಾಳಿ ಅದು. ಅಂದರೆ ಬೀಜ ಬಂದರೂ ನೀರಿನ ನೆನಪು ಹೋಗಿರಲಿಲ್ಲ.

2022ರಲ್ಲಿ ಚೀನಾದ ಸೈಕಸ್ ಒಂದರ ಇಡೀ ಜೀನೋಮ್ ಓದಿದರು. ಸುಮಾರು 1,000 ಕೋಟಿ ಅಕ್ಷರ, ಮನುಷ್ಯರದ್ದಕ್ಕಿಂತ ಮೂರು ಪಟ್ಟು. ಅದರಲ್ಲಿ ಬಹಳ ಹಿಂದೆ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾದ ಗುರುತಿದೆ. ಪಹಣಿಗೆ ಎರಡು ಪ್ರತಿ ಇದ್ದ ಹಾಗೆ: ಒಂದು ಹಳೇ ಕೆಲಸ ನೋಡಿಕೊಂಡರೆ ಇನ್ನೊಂದರಲ್ಲಿ ತಿದ್ದುಪಡಿಗೆ ಜಾಗ. ಬೀಜದ ಗಿಡಗಳ ಪೂರ್ವಜರಲ್ಲಿ ಇಂಥ ಇಮ್ಮಡಿ ಸುಮಾರು 31.9 ಕೋಟಿ ವರ್ಷದ ಹಿಂದೆ ಆಯಿತೆಂದು 2011ರ ಅಧ್ಯಯನವೊಂದು ಹೇಳಿತ್ತು. ಎಲ್ಲ ಬೀಜಗಿಡಕ್ಕೂ ಅದೊಂದೇಯೋ, ಹೂವಿಲ್ಲದವಕ್ಕೆ ಬೇರೆಯೋ ಎಂಬ ತಕರಾರು ಇನ್ನೂ ಇದೆ. ನಮ್ಮ ಭತ್ತ, ಅಡಿಕೆ, ತೆಂಗು ಎಲ್ಲವೂ ಆ ಲೆಕ್ಕದಲ್ಲಿ ಇದರ ದಾಯಾದಿಗಳೇ.

ಇಷ್ಟು ಹಳೇ ವಂಶದ ಮರ ಈಗ ಐಯುಸಿಎನ್ ಪಟ್ಟಿಯಲ್ಲಿ ಅಪಾಯದಲ್ಲಿದೆ. ಅಲಂಕಾರಕ್ಕೆ ಗರಿ, ಮದ್ದಿಗೆ ಗಂಡು ತೆನೆ ಕೊಯ್ಯುತ್ತಾರೆ. ಗಂಡು, ಹೆಣ್ಣು ಬೇರೆ ಬೇರೆ ಮರ. ತೆನೆ ಕೊಯ್ದ ಮೇಲೆ ಪಕ್ಕದ ಹೆಣ್ಣು ಮರ ಎಷ್ಟು ಗಟ್ಟಿಯಿದ್ದರೂ ಅದರ ಬೀಜ ಮೊಳೆಯುವುದಿಲ್ಲ.