ಆಮೆಯನ್ನು ಕೊಂದದ್ದು ಮಾತ್ರ ನಿಜ

'ಕ್ಯಾನಿಬಲ್ ಹೊಲೋಕಾಸ್ಟ್' ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಎರಡನೆಯ ಸಲ ಆಮೆಯ ದೃಶ್ಯ ಬಂದಾಗ ಫಾರ್ವರ್ಡ್ ಮಾಡಿಬಿಟ್ಟೆ. ಮನುಷ್ಯರನ್ನು ಕೊಂದು ತಿನ್ನುವುದನ್ನು ಕಣ್ಣು ಮುಚ್ಚದೆ ನೋಡಿದವನಿಗೆ ಒಂದು ಆಮೆಯ ಸಾವನ್ನು ನೋಡಲಾಗಲಿಲ್ಲ. ಯಾಕೆಂದರೆ ಮನುಷ್ಯರದು ನಟನೆ, ಆಮೆಯದು ನಿಜ.

ಈ ನಿಜ-ನಟನೆಗಳ ಕಲಬೆರಕೆ ಇಟಲಿಯಲ್ಲಿ ಮೊದಲೇ ಶುರುವಾಗಿತ್ತು. 1962ರ 'ಮೊಂಡೊ ಕಾನೆ' ಲೋಕದ ವಿಚಿತ್ರ ಆಚರಣೆಗಳನ್ನು ತೋರಿಸುವ ಸಾಕ್ಷ್ಯಚಿತ್ರವೆಂದು ಹೇಳಿಕೊಂಡಿತು. ಅದರಲ್ಲಿ ಕೆಲವನ್ನು ಕ್ಯಾಮೆರಾಕ್ಕೆಂದೇ ಮಾಡಿಸಲಾಗಿತ್ತು. ಚಿತ್ರ ಚೆನ್ನಾಗಿ ಓಡಿತು, ಅಂಥವು ಸಾಲುಗಟ್ಟಿದವು. 1972ರಲ್ಲಿ ಉಂಬೆರ್ತೊ ಲೆಂಜಿ ಒಬ್ಬ ಬ್ರಿಟಿಷ್ ಛಾಯಾಗ್ರಾಹಕನನ್ನು ಥಾಯ್ಲೆಂಡಿನ ಕಾಡಿಗೆ ಕಳಿಸಿದ. ನರಭಕ್ಷಕರ ಸಿನಿಮಾಗಳು ಅಲ್ಲಿಂದ ಮೊದಲಾದವು. ಹೆಚ್ಚಿನವು ನೋಡುವಂಥವಲ್ಲ.

ರುಜ್ಜೆರೊ ದೆಯೊದಾತೊ 1980ರಲ್ಲಿ ತೆಗೆದ ಈ ಚಿತ್ರ ಮಾತ್ರ ಬೇರೆ ಜಾತಿಯದು. ಅಮೆಜಾನ್ ಕಾಡಿನಲ್ಲಿ ಕಾಣೆಯಾದ ನಾಲ್ವರು ಸಾಕ್ಷ್ಯಚಿತ್ರಕಾರರನ್ನು ಹುಡುಕಿಕೊಂಡು ನ್ಯೂಯಾರ್ಕಿನ ಮಾನವಶಾಸ್ತ್ರಜ್ಞನೊಬ್ಬ ಹೋಗುತ್ತಾನೆ. ಅವರು ಸಿಗುವುದಿಲ್ಲ, ಅವರ ಫಿಲ್ಮ್ ಡಬ್ಬಿಗಳು ಸಿಗುತ್ತವೆ. ಊರಿಗೆ ಬಂದು ನೋಡಿದರೆ, ಒಳ್ಳೆಯ ದೃಶ್ಯ ಸಿಗಲೆಂದು ಅವರೇ ಹಳ್ಳಿಯ ಜನರನ್ನು ಗುಡಿಸಲೊಳಗೆ ದಬ್ಬಿ ಬೆಂಕಿ ಇಟ್ಟಿರುತ್ತಾರೆ. ಸಿಕ್ಕ ಫಿಲ್ಮ್ ಎಂದು ನಂಬಿಸಲು ದೆಯೊದಾತೊ ಅದರ ಮೇಲೆ ಬೇಕೆಂದೇ ಗೀರು ಎಳೆಸಿದ್ದ. ನಟರು ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದೆಂಬ ಕರಾರೂ ಇತ್ತು. ಮಿಲಾನಿನಲ್ಲಿ ಚಿತ್ರ ಜಪ್ತಿಯಾಯಿತು, ನಿರ್ದೇಶಕನ ಮೇಲೆ ಕೊಲೆಯ ಆರೋಪ ಬಂತು. ಅವನು ನಟರನ್ನು ಜೀವಂತವಾಗಿ ಕರೆತಂದು ತೋರಿಸಬೇಕಾಯಿತು. ಶೂಲಕ್ಕೇರಿದ ಹುಡುಗಿ ಕೂತಿದ್ದದ್ದು ಕಂಬಕ್ಕೆ ಹೊಂದಿಸಿದ ಸೈಕಲ್ ಸೀಟಿನ ಮೇಲೆ; ಬಾಯಲ್ಲಿ ಕಚ್ಚಿಕೊಂಡಿದ್ದದ್ದು ಹಗುರವಾದೊಂದು ಮರದ ತುಂಡು.

ನನ್ನನ್ನು ಎಳೆದದ್ದು ಈ ಅನುಮಾನವೇ, ನಿಜವಿರಬಹುದೇ ಎನ್ನುವುದು. ಜೊತೆಗೆ ರಿಜ್ ಒರ್ತೊಲಾನಿಯ ಸಂಗೀತ. 'ಮೊಂಡೊ ಕಾನೆ'ಗೂ ಅವನದೇ. ಕಾಡಿನ ಮೇಲೆ ಕ್ಯಾಮೆರಾ ತೇಲುವಾಗ ಜೋಗುಳದಂಥ ಒಂದು ರಾಗ ಬರುತ್ತದೆ, ಮುಂದೆ ಬರುವುದರ ಸುಳಿವೇ ಇಲ್ಲದ ಹಾಗೆ.

ಕ್ಯಾಮೆರಾಕ್ಕಾಗಿ ಕೊಲ್ಲುವವರನ್ನು ಚಿತ್ರ ಖಂಡಿಸುತ್ತದೆ. ಆದರೆ ಕೋತಿಯನ್ನು ಕೊಲ್ಲುವ ದೃಶ್ಯವನ್ನು ಎರಡು ಸಲ ತೆಗೆದರು. ಎರಡು ಕೋತಿ ಸತ್ತವು. ನರಭಕ್ಷಕರಿಗೆ ಇಟ್ಟ ಹೆಸರು ಯಾನೊಮಾಮೊ. ಅದು ಬ್ರೆಜಿಲ್-ವೆನೆಜುವೆಲಾ ಗಡಿಯ ಕಾಡಿನಲ್ಲಿ ಇವತ್ತಿಗೂ ಬದುಕಿರುವ ಜನರ ಹೆಸರು. ಚಿತ್ರೀಕರಣ ನಡೆದದ್ದು ಅಲ್ಲಿಂದ ದೂರ, ಕೊಲಂಬಿಯಾದ ಲೆಟಿಸಿಯಾ ಊರಿನ ಆಸುಪಾಸಿನಲ್ಲಿ, ಅಲ್ಲಿನ ಸ್ಥಳೀಯರನ್ನು ಹಾಕಿಕೊಂಡು. ನಿಜವಾದ ಯಾನೊಮಾಮೊ ಜನ ಸತ್ತ ಬಂಧುವನ್ನು ಸುಟ್ಟು, ಮೂಳೆಯ ಬೂದಿಯನ್ನು ಬಾಳೆಕಾಯಿ ಗಂಜಿಯಲ್ಲಿ ಕಲಸಿ, ಅಳುತ್ತಾ ಕುಡಿಯುತ್ತಾರೆ. ಇದು ನನಗೆ ಗೊತ್ತಾದದ್ದು ಸಿನಿಮಾ ನೋಡಿ ಎಷ್ಟೋ ಕಾಲದ ಮೇಲೆ.

ಮೂರನೆಯ ಸಲ ನೋಡುವ ಮನಸ್ಸಿಲ್ಲ. ಆ ರಾಗವನ್ನು ಮಾತ್ರ ಆಗಾಗ ಹಾಕಿಕೊಂಡು ಕೇಳುತ್ತೇನೆ.