ಈಚಲು, ತಾಟಿನುಂಗು ಮತ್ತು ನಮ್ಮ ಊರಿಗಾಂ



ಬೇಸಗೆ ಬಂತೆಂದರೆ ಬೆಂಗಳೂರಿನಲ್ಲಿ ನೆಲೆಸಿರುವ ಶಿಷ್ಯರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಸಾರ್, ರಸ್ತೆಬದಿಯ ತಾಟಿನುಂಗನ್ನು ಮಕ್ಕಳಿಗೆ ಕೊಡಬಹುದೇ? ಈಚಲ ಹಣ್ಣು ವಿಷವಲ್ಲವೇ?” ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಊರಿಗಾಮಿನ ಯಾವ ಮಗುವೂ ಇದನ್ನು ಕೇಳುತ್ತಿರಲಿಲ್ಲ. ಆಗ ಬೇಕಾಗಿರದ ಪ್ರಶ್ನೆ ಈಗ ಏಕೆ ಬೇಕಾಯಿತು ಎಂಬುದರಲ್ಲಿಯೇ ನಮ್ಮೂರಿನ ಚರಿತ್ರೆಯ ಒಂದು ಭಾಗ ಅಡಗಿದೆ.

ಈಚಲು ಕೋಲಾರ ಸೀಮೆಯ ಹಳೆಯ ನಿವಾಸಿ. ಕೆರೆಯ ಅಂಗಳ, ಹಳ್ಳದ ದಂಡೆಗಳಲ್ಲಿ ಯಾರೂ ನೆಡದೆ ಬೆಳೆಯುವ ಮರ. ಅದರಿಂದ ಇಳಿಸಿದ ಹೆಂಡ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿ ವರಮಾನ ತಂದಿತು. ಸರ್ಕಾರಿ ಭೂದಾಖಲೆಗಳಲ್ಲಿ ‘ಸೇಂದಿವನ’ ಎಂಬ ಹೆಸರು ಉಳಿದಿರುವುದು ಅದರ ಗುರುತು. ಸುಂಕವಿದ್ದದ್ದು ಮರದ ರಸಕ್ಕೆ. ಹಣ್ಣು ಮಕ್ಕಳ ಪಾಲು. ಆದರೆ ಹೆಂಡದಿಂದ ನೊಂದ ಮನೆಗಳಲ್ಲಿ ತಾಯಂದಿರು ಆ ಮರವನ್ನೇ ದೂರವಿಟ್ಟರು. ಹಣ್ಣಿಗೆ ಅಂಟಿದ ಅಪವಾದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ತಾಳೆಯ ಕಥೆ ಬೇರೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿಗಳನ್ನು ನಡೆಸತೊಡಗಿದಾಗ ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ತಮಿಳರೂ ಚಿತ್ತೂರು ಸೀಮೆಯಿಂದ ತೆಲುಗರೂ ಕೂಲಿಗೆ ಬಂದರು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ 1894ರಲ್ಲಿ ರೈಲು ಬಂತು. ತಾಳೆಮರಗಳ ನಾಡಿನಿಂದ ಬಂದವರಿಗೆ ಆ ಕಾಯಿ ತವರಿನ ರುಚಿ. ತೆಲುಗರು ಮರವನ್ನು ತಾಟಿ ಎಂದರು, ತಮಿಳರು ಕಾಯಿಯೊಳಗಿನ ತಿರುಳನ್ನು ನುಂಗು ಎಂದರು. ಕನ್ನಡಿಗರ ಬಾಯಲ್ಲಿ ಎರಡೂ ಕೂಡಿ ‘ತಾಟಿನುಂಗು’ ಆಯಿತು. ಈಚಲಿಗಾದರೋ ತೆಲುಗರಲ್ಲಿ ಈತ, ತಮಿಳರಲ್ಲಿ ಈಚ್ಚ. ಹೆಸರೇ ನೆಂಟಸ್ತಿಕೆ ಹೇಳುತ್ತದೆ.

ಹೆಸರಿನ ಜೊತೆಗೆ ತಿನ್ನುವ ತಿಳಿವಳಿಕೆಯೂ ಮನೆಯಿಂದ ಮನೆಗೆ ದಾಟಿತು. ನುಂಗು ಎಳೆಯದಾಗಿ, ತಿರುಳು ನೀರುತುಂಬಿ ಮೆತ್ತಗಿರುವಾಗ ತಿನ್ನಬೇಕು. ಬಲಿತು ಗಟ್ಟಿಯಾದದ್ದು ಹೊಟ್ಟೆನೋವು ತರುತ್ತದೆಂದು ಹಿರಿಯರು ಬಿಡಿಸುತ್ತಿದ್ದರು. ಈಚಲ ಕಾಯಿ ಒಗರಿನಿಂದ ಗಂಟಲು ಹಿಡಿಯುತ್ತದೆ. ಮಳೆಗಾಲದ ಆರಂಭದಲ್ಲಿ ಕಪ್ಪುಗೆಂಪಾಗಿ ಮಾಗಿದರೆ ಸಿಹಿ. ತಿರುಳು ಅತ್ಯಲ್ಪ, ಬೀಜವೇ ಹೆಚ್ಚು, ಆದರೆ ವಿಷವಲ್ಲ. ಹಣ್ಣಿಗಿಂತ ಗರಿಯ ಮುಳ್ಳಿಗೆ ಅಂಜಬೇಕು.

ಹಾಗೆಂದು ತಾಳೆಯ ಕುಲದ ಎಲ್ಲ ಹಣ್ಣೂ ತಿನ್ನತಕ್ಕದ್ದಲ್ಲ. ಮಲೆನಾಡಿನಲ್ಲಿ ಬೆಳೆಯುವ, ಉದ್ಯಾನಗಳಲ್ಲಿ ಅಂದಕ್ಕಾಗಿ ನೆಡುವ ಬೈನೆಮರದ ಕೆಂಪು ಹಣ್ಣಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಬಾಯಿಗಿಟ್ಟರೆ ಉರಿ, ಮುಟ್ಟಿದರೆ ತುರಿಕೆ. ಈಚಲಿನ ಹೋಲಿಕೆಯ ಸೈಕಸ್ ಗಿಡ ತಾಳೆಯ ಕುಲದ್ದೇ ಅಲ್ಲ. ಅದರ ಹಸಿ ಬೀಜ ಯಕೃತ್ತನ್ನು ಕೆಡಿಸುವ ನಿಜವಾದ ವಿಷ. ಇನ್ನು ನಾವು ಮಂಗಳಕಾರ್ಯಗಳಲ್ಲಿ ತಟ್ಟೆಯಲ್ಲಿಟ್ಟು ಗೌರವಿಸುವ ಅಡಿಕೆ! ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಬಡವರ ಈಚಲ ಹಣ್ಣಿಗೆ ಹೆದರಿ, ಅಡಿಕೆಯನ್ನು ನಿಶ್ಚಿಂತೆಯಿಂದ ಜಗಿಯುವುದು ನಮ್ಮ ವಿಪರ್ಯಾಸ.

ಹಿರಿಯರಿಗೆ ಗೊತ್ತಿರದಿದ್ದ ಎರಡು ಮಾತುಗಳನ್ನೂ ಸೇರಿಸಬೇಕು. ಬಾಂಗ್ಲಾದೇಶದಲ್ಲಿ ಬಾವಲಿಗಳು ಬಾಯಿಟ್ಟ ಹಸಿ ಈಚಲ ರಸದಿಂದ ನಿಫಾ ರೋಗ ಹರಡಿದೆ. 2018ರಲ್ಲಿ ಅದೇ ರೋಗ ನೆರೆಯ ಕೇರಳದಲ್ಲೂ ಕಾಣಿಸಿಕೊಂಡಿತು. ಆದ್ದರಿಂದ ಹಕ್ಕಿ, ಬಾವಲಿ ಕಚ್ಚಿದ ಹಣ್ಣು ಬೇಡ. ಎರಡನೆಯದು ನಮ್ಮೂರಿನದೇ. ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕ ಅದಿರಿನ ಪುಡಿ ಬಿದ್ದಿದೆ. ಗಾಳಿ ಬೀಸಿದಾಗ ಅದರ ಧೂಳು ಸುತ್ತಲಿನ ಗಿಡಮರಗಳ ಮೇಲೆ ಕೂರುತ್ತದೆ. ದಿಬ್ಬಗಳ ಬುಡದ ಮರಗಳ ಹಣ್ಣನ್ನು ಕೀಳದಿರುವುದೇ ಲೇಸು; ಬೇರೆಡೆಯದನ್ನೂ ತೊಳೆದೇ ತಿನ್ನಬೇಕು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಸಾರಗಳು ಚದುರಿದವು, ಉಳಿದವರಲ್ಲಿ ಸಾವಿರಾರು ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವ ತಂದೆಗೆ ಮಗುವನ್ನು ಕೆರೆಯ ಕಡೆ ಕರೆದೊಯ್ದು ಮರ ತೋರಿಸಲು ಹೊತ್ತೆಲ್ಲಿ? ಮೂರು ಭಾಷೆಯ ತಾಯಂದಿರು ಕೂಡಿಸಿಟ್ಟ ತಿಳಿವಳಿಕೆ ಹೀಗೆ ಒಂದೇ ತಲೆಮಾರಿನಲ್ಲಿ ತೆಳುವಾಯಿತು.

ಆದ್ದರಿಂದ ನನ್ನ ಉತ್ತರ ಇಷ್ಟೇ: ಎಳೆಯ ತಾಟಿನುಂಗನ್ನು ಕಣ್ಣೆದುರೇ ಕೆತ್ತಿಸಿ ಕೊಡಿ, ಮಾಗಿದ ಈಚಲ ಹಣ್ಣನ್ನು ತೊಳೆದು ಕೊಡಿ, ಗುರುತಿಲ್ಲದ್ದನ್ನು ಬಾಯಿಗಿಡಲು ಬಿಡಬೇಡಿ. ಬಿಡುವಾದಾಗ ಮೊಮ್ಮಕ್ಕಳನ್ನು ಊರಿಗೆ ಕರೆತನ್ನಿ. ನಿಮ್ಮಲ್ಲಿ ಹಿರಿಯರಾದವರು ಮರದ ಕೆಳಗೆ ನಿಲ್ಲಿಸಿ ಅದರ ಹೆಸರು ಹೇಳಿಕೊಡಿ.